ಹದಿನೇಳನೇ ನಂಬರಿನ ಪದ್ಯ

ಐವಿ ಪ್ರಾಟನ್ ಯಾರನ್ನೂ ಸುಲಭಕ್ಕೆ ನಂಬುವ ಹೆಂಗಸಲ್ಲ. ನಲವತ್ತು ವರ್ಷ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಉಣ್ಣೆ ಕತ್ತರಿಸುವ ಶೆಡ್ಡುಗಳಲ್ಲಿ ಕುರಿಯ ಉಣ್ಣೆ ಮುಟ್ಟಿ ನೋಡಿ ದರ್ಜೆ ಹೇಳಿದವಳು. ಒಳ್ಳೆಯದರ ನಡುವೆ ಯಾರೋ ಕಳಪೆ ತುರುಕಿದ್ದಾರೆ ಎಂದುಕೊಂಡೇ ಕೈ ಹಾಕುತ್ತಿದ್ದಳು. ನಿವೃತ್ತಳಾದ ಮೇಲೆ ನಮ್ಮೂರ ಪದ್ಯ ಸ್ಪರ್ಧೆಗೆ ತೀರ್ಪುಗಾರ್ತಿಯಾದಳು. ಆ ಚಾಳಿ ಮಾತ್ರ ಬಿಡಲಿಲ್ಲ.

ನಾನು ಸ್ಪರ್ಧೆಯ ಕಾರ್ಯದರ್ಶಿ. ನಮ್ಮಲ್ಲಿ ಪದ್ಯ ಬರೆಯುವವರೆಲ್ಲ ಲಾರಿ ಓಡಿಸುವವರು, ಬೇಲಿ ಹಾಕುವವರು. ಹಾಳೆಯ ಮೇಲೆ ನಂಬರು ಮಾತ್ರ, ಹೆಸರು ಮುಚ್ಚಿದ ಲಕೋಟೆಯಲ್ಲಿ. ಯಾರಿಗೂ ಅನ್ಯಾಯವಾಗಬಾರದಲ್ಲ!

ಈ ವರ್ಷ ಹದಿನೇಳನೇ ನಂಬರು ಗೆದ್ದಿತು. ಕುರಿಗಳನ್ನೆಲ್ಲ ಮಾರಿದ ಮೇಲೂ ದಿನಾ ಖಾಲಿ ದೊಡ್ಡಿಯ ಬಾಗಿಲಲ್ಲಿ ಕೂರುವ ನಾಯಿಯ ಪದ್ಯ. ಲಕೋಟೆ ಒಡೆದರೆ ಶೆಡ್ಡಿನ ಅಡುಗೆಯವ ಕ್ಲಾರಿಯ ಹೆಸರು. ಹನ್ನೆರಡು ವರ್ಷದಿಂದ ಅವನದು ಕೊನೆಯ ಸ್ಥಾನ.

“ಕದ್ದಿದ್ದಾನೆ,” ಅಂದಳು ಐವಿ. “ಕುರಿಮಾಂಸ ಬೇಯಿಸೋಕೇ ಬರದವನು ಇದನ್ನ ಬರೀತಾನಾ?”

ಎರಡು ವಾರ ಹಳೆಯ ಪುಸ್ತಕಗಳನ್ನೆಲ್ಲ ಜಾಲಾಡಿದಳು. ಏನೂ ಸಿಗದೆ ಅನುಮಾನ ಇನ್ನೂ ಹೆಚ್ಚಾಯಿತು. ಲಕೋಟೆ ಅದಲುಬದಲು ಮಾಡಿದೆಯಾ ಎಂದು ನನ್ನನ್ನೇ ಕೇಳಿದಳು. ನನಗೆ ಮೈಯೆಲ್ಲ ಉರಿಯಿತು. ಆದರೂ ಕ್ಲಾರಿಯ ಮೇಲೆ ನನಗೂ ಗುಮಾನಿಯೇ. ಕದ್ದದ್ದು ನಿಜವಾದರೆ ಅವನು ಇನ್ನು ಈ ಊರಿನಲ್ಲಿ ಪದ್ಯ ಓದುವಂತಿರಲಿಲ್ಲ. ಕರೆಸಿದೆವು.

“ಹನ್ನೆರಡು ವರ್ಷ ಬಾರದ್ದು ಈಗ ಎಲ್ಲಿಂದ ಬಂತೋ?” ಐವಿ ಕೇಳಿದಳು.

“ಈಗ ಬಂದಿದ್ದಲ್ಲ ಕಣಮ್ಮ. ಆರು ವರ್ಷದ ಹಿಂದೆ ಇದನ್ನೇ ಕಳಿಸಿದ್ದೆ. ಒಂದಕ್ಷರಾನೂ ಬದಲಾಯಿಸಿಲ್ಲ.”

“ಸುಳ್ಳು! ತಗೊಂಡು ಬಾರೋ ಆ ವರ್ಷದ ಕಟ್ಟು!”

ಕಟ್ಟನ್ನು ನಾನೇ ತಂದು ಬಿಚ್ಚಿದೆ. ಪದ್ಯ ಅದರಲ್ಲಿತ್ತು. ಕ್ಲಾರಿಯ ವಕ್ರ ಕೈಬರಹ, ಮೂಲೆಯಲ್ಲಿ ಕುರಿಕೊಬ್ಬಿನ ಕಲೆ. ಅವನ ಹಾಳೆಗಳೆಲ್ಲ ಹಾಗೇ, ಲಕೋಟೆ ಒಡೆಯುವ ಮೊದಲೇ ಯಾರದೆಂದು ನಮಗಿಬ್ಬರಿಗೂ ಗೊತ್ತಾಗುತ್ತಿತ್ತು. ಕೆಳಗೆ ಐವಿಯ ಅಕ್ಷರ: ‘ಲಯವಿಲ್ಲ. ಹತ್ತಕ್ಕೆ ಎರಡು.’

ಐವಿ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಓದಿದಳು. ಮುಖ ಕೆಂಪಗಾಯಿತು. ನನಗೂ ನಾಚಿಕೆಯಾಯಿತು.

“ಇದನ್ನ ನಾನು ಆವತ್ತು ಓದೇ ಇಲ್ಲ, ಕ್ಲಾರಿ.”

“ಗೊತ್ತು,” ಅಂದ ಅವನು. “ಅದಕ್ಕೇ ಈ ಸಲ ತಂಗಿ ಮಗಳ ಹತ್ರ ಟೈಪ್ ಮಾಡಿಸಿದ್ದು.”