ತೂಕ ನೋಡಿ ಆರಿಸಿದ ಪೆಟ್ಟಿಗೆ

“ನಿಜ ಹೇಳ್ತೀನಿ, ಅವತ್ತು ಅಂಗಡೀಲಿ ನನಗೆ ಏನೂ ವ್ಯತ್ಯಾಸ ಗೊತ್ತಾಗಲಿಲ್ಲ. ಅಂಗಡಿಯಮ್ಮ ಒಂದೇ ಹಾಡನ್ನ ಈ ಪೆಟ್ಟಿಗೇಲಿ ಒಂದು ಸಲ, ಆ ಪೆಟ್ಟಿಗೇಲಿ ಒಂದು ಸಲ ಹಾಕಿದಳು. ‘ನೀವೇ ಹೇಳಬೇಕು ಯಜಮಾನರೇ, ನಿಮ್ಮ ಕಿವಿ ವಿಷಯ ಕೇಳಿದ್ದೀನಿ’ ಅಂದಳು. ಪಕ್ಕದಲ್ಲಿ ತಂಗಿ. ‘ಅಣ್ಣಾ, ನನಗೆ ಮೊದಲನೇದೇ ಹಿತವಾಗಿದೆ ಅನ್ನಿಸ್ತು’ ಅಂತ ಮೆಲ್ಲಗೆ ಅಂದಳು. ಸುಮ್ಮನಿರು, ನಿನಗೇನು ಗೊತ್ತಾಗುತ್ತೆ ಅಂದುಬಿಟ್ಟೆ. ಎರಡು ಪೆಟ್ಟಿಗೇನೂ ಎತ್ತಿ ನೋಡಿದೆ. ಎರಡನೇದು ಭಾರ ಇತ್ತು. ನಮ್ಮ ಕಾಲದಲ್ಲಿ ಭಾರ ಇದ್ದರೆ ಒಳಗೆ ಒಳ್ಳೇ ಮಾಲು ಅಂತ ಲೆಕ್ಕ. ಅದನ್ನೇ ಹಿಡಕೊಂಡು, ‘ಇದರಲ್ಲಿ ಹಾಡೋರು ಉಸಿರು ಎಳಕೊಳ್ಳೋದೂ ಕೇಳುತ್ತೆ, ಇದೇ ಇರಲಿ’ ಅಂದೆ. ನನಗೆ ಯಾವ ಉಸಿರೂ ಕೇಳಿರಲಿಲ್ಲ. ಹಾಗಂತ ಬಾಯಿಬಿಟ್ಟು ಹೇಳೋಕೆ ಆಗಲಿಲ್ಲ, ಅಷ್ಟೆ.”

ಕಿವಿಯಣ್ಣ ಹೀಗೆ ಹೇಳಿಕೊಳ್ಳುವ ಹೊತ್ತಿಗೆ ಪೆಟ್ಟಿಗೆ ತಂಗಿಯ ಮನೆಗೆ ಬಂದು ನಾಲ್ಕು ತಿಂಗಳಾಗಿತ್ತು.

ಕಿವಿಯಣ್ಣ ಎನ್ನುವುದು ಬೀದಿಯವರು ಇಟ್ಟ ಹೆಸರು. ಮೂವತ್ತೆಂಟು ವರ್ಷ ರೇಡಿಯೋ, ಮೈಕ್ ಸೆಟ್ಟು ರಿಪೇರಿ ಮಾಡಿದವನು. ಸ್ಪೀಕರಿನ ಕಾಗದ ಕೂದಲೆಳೆಯಷ್ಟು ಹರಿದಿದ್ದರೂ ಬೀದಿಯ ಆಚೆ ಬದಿಯಿಂದಲೇ ಹೇಳುತ್ತಿದ್ದ. ಮೂರು ವರ್ಷದಿಂದೀಚೆಗೆ ಸಣ್ಣ ಸದ್ದುಗಳು ಒಂದೊಂದಾಗಿ ಅವನ ಕೈಬಿಟ್ಟಿದ್ದವು. ಮೊದಲು ಗುಬ್ಬಚ್ಚಿ ಹೋಯಿತು, ಆಮೇಲೆ ಗಡಿಯಾರದ ಟಿಕ್‌ಟಿಕ್. ಮಾತು ಕೇಳುತ್ತಿತ್ತು, ಹಾಡೂ ಕೇಳುತ್ತಿತ್ತು, ಮೇಲಿನ ಸಣ್ಣ ದನಿಗಳಿಲ್ಲದೆ. “ಈಗಿನ ಮಾಲೇ ಹಾಗೆ, ದನಿಗೆ ಹೊಳಪೇ ಇಲ್ಲ” ಎಂದು ಯಂತ್ರಗಳ ಮೇಲೆ ಹಾಕಿ ಕಾಲ ತಳ್ಳುತ್ತಿದ್ದ. ರೇಡಿಯೋ ರಿಪೇರಿಯವನಿಗೆ ಕಿವಿ ಹೋಯಿತೆಂದು ಯಾರ ಮುಂದೆ ಹೇಳುವುದು?

ತಂಗಿ ಬಟ್ಟೆ ಹೊಲಿದು ಸಂಸಾರ ತೂಗಿಸಿದವಳು. ಕಣ್ಣಿಗೆ ಮಂಜು ಕವಿದ ಮೇಲೆ ಸೂಜಿಗೆ ದಾರ ಪೋಣಿಸುವುದು ನಿಂತಿತು, ಓದುವುದು ನಿಂತಿತು. ಉಳಿದದ್ದು ಹಾಡು ಕೇಳುವುದೊಂದೇ. ಅವಳ ಮಗಳು ಫೋನಿನಲ್ಲಿ ಬೇಕಾದ ಹಾಡನ್ನೆಲ್ಲ ತರಿಸಿಕೊಡುವುದನ್ನು ಕಲಿಸಿದ್ದಳು. ಮನೆಯಲ್ಲಿ ಹಳೆಯ ಒಳ್ಳೆಯ ಸ್ಪೀಕರುಗಳಿದ್ದವು. ಫೋನಿನಲ್ಲಿ ಬರುವ ಹಾಡು ಬರೀ ಅಂಕೆಗಳ ಸಾಲು, ಅದನ್ನು ಸ್ಪೀಕರಿಗೆ ದಾಟುವಂಥ ನಾದ ಮಾಡಿಕೊಡುವ ಪೆಟ್ಟಿಗೆಯೊಂದು ಬೇಕು, ಅದಕ್ಕೆ ಡ್ಯಾಕ್ ಅನ್ನುತ್ತಾರೆ ಎಂದು ಕಿವಿಯಣ್ಣನೇ ಆಸೆ ಹುಟ್ಟಿಸಿದ್ದ. ತರುವುದಾದರೆ ಜೀವಮಾನಕ್ಕೆ ಒಂದೇ ಸಲ, ಉತ್ತಮವಾದದ್ದನ್ನೇ ತರೋಣ ಎಂದೂ ಹೇಳಿದ್ದ. ತಂದು, ಮೇಜಿನ ಮೇಲಿಟ್ಟು, ವೈರುಗಳನ್ನೆಲ್ಲ ತಾನೇ ಜೋಡಿಸಿ, “ಇನ್ನು ನೀನು ರಾಣಿ ಹಾಗೆ ಕೂತು ಕೇಳು” ಎಂದು ಎದೆಯುಬ್ಬಿಸಿ ಹೋಗಿದ್ದ.

ಆಮೇಲೆ ಅವನು ಬಂದಾಗಲೆಲ್ಲ ಪೆಟ್ಟಿಗೆ ಹಾಡುತ್ತಿತ್ತು. “ಹೇಗಿದೆ?” ಎಂದರೆ “ನೀನು ಆರಿಸಿದ್ದಲ್ಲವಾ ಅಣ್ಣಾ” ಎನ್ನುತ್ತಿದ್ದಳು. ಅದು ಉತ್ತರವಲ್ಲ ಎಂದು ಅವನಿಗೆ ಹೊಳೆದಿರಲಿಲ್ಲ.

ಒಂದು ಬೆಳಿಗ್ಗೆ ಹೇಳದೆ ಕೇಳದೆ ಬಂದ. ಮುಂದಿನ ಕೋಣೆಯಲ್ಲಿ ಪೆಟ್ಟಿಗೆಯ ಮೇಲೆ ಹಳೆಯ ದಿಂಬಿನ ಚೀಲ ಹೊದಿಸಿತ್ತು, ಅದರ ಮೇಲೆ ಧೂಳು. ಹಾಡು ಅಡುಗೆಮನೆಯಿಂದ ಬರುತ್ತಿತ್ತು. ತಂಗಿ ಫೋನನ್ನು ಸ್ಟೀಲ್ ಪಾತ್ರೆಯೊಳಗೆ ನಿಲ್ಲಿಸಿ, ಆ ಡಬಡಬ ದನಿಗೆ ಕಿವಿಗೊಟ್ಟು ಬೀನ್ಸ್ ಮುರಿಯುತ್ತಿದ್ದಳು.

“ಇದೇನು, ಪೆಟ್ಟಿಗೆ ಕೆಟ್ಟಿತಾ?”

ತಂಗಿ ತಡಬಡಿಸಿದಳು. “ಇಲ್ಲ ಅಣ್ಣಾ, ಒಳಗೆ ಕೆಲಸ ಇತ್ತು, ಅದಕ್ಕೆ...”

“ಸುಳ್ಳು ಯಾಕಮ್ಮ ಹೇಳ್ತೀಯಾ?” ಎಂದಳು ಬಾಗಿಲಲ್ಲಿ ನಿಂತಿದ್ದ ಮಗಳು. “ಮಾವಾ, ನೀವು ಬಂದಾಗ ಮಾತ್ರ ಅಮ್ಮ ಅದನ್ನ ಹಾಕೋದು. ಹಾಡಿನ ಹಿಂದೆ ಕೀಂ ಅಂತ ಸಣ್ಣಗೆ ಕೂಗ್ತಾನೇ ಇರುತ್ತೆ, ತಲೆ ಸಿಡಿಯುತ್ತೆ. ನಿಮಗೆ ಬೇಜಾರಾಗುತ್ತೆ ಅಂತ ನನ್ನ ಬಾಯಿ ಮುಚ್ಚಿಸಿದ್ದಾಳೆ.”

“ಯಾವ ಕೂಗು?” ಎಂದ ಕಿವಿಯಣ್ಣ.

ಮಗಳು ಹೋಗಿ ಪೆಟ್ಟಿಗೆ ಹಾಕಿದಳು. ಹಾಡಿಲ್ಲ, ಬರೀ ಸ್ಪೀಕರು. ಅಮ್ಮ ಮಗಳು ಇಬ್ಬರೂ ಮುಖ ಕಿವುಚಿದರು. ಅವನು ಸ್ಪೀಕರಿಗೆ ಕಿವಿ ಒತ್ತಿದ. ಮರದ ತಂಪು ತಾಗಿತೇ ಹೊರತು ಬೇರೇನೂ ಇಲ್ಲ.

ತಂಗಿಗೆ ಇದ್ದ ಒಂದು ಸುಖವನ್ನೂ ಕಿತ್ತುಕೊಂಡು, ಬಂದು ಬಂದು ಹೊಗಳಿಸಿಕೊಂಡು ಹೋಗಿದ್ದೆನಲ್ಲ ಎಂದು ನಿಂತಲ್ಲೇ ಕುಗ್ಗಿದ. “ಅಂಗಡಿಗೆ ವಾಪಸ್ ಕೊಡೋಣ, ಮಾಲೇ ಸರಿಯಿಲ್ಲ” ಎಂಬ ಮಾತು ನಾಲಿಗೆಯ ತುದಿಗೆ ಬಂತು. ತಂಗಿ ಅದನ್ನೂ ನಂಬಿದ ಹಾಗೆ ನಟಿಸಿಬಿಡುತ್ತಾಳೆ ಎನ್ನಿಸಿ ನುಂಗಿಕೊಂಡ.

“ನನಗೆ ಕೇಳಿಸ್ತಾ ಇಲ್ಲ” ಎಂದ. “ಅಂಗಡೀಲೂ ಕೇಳಿಸಿರಲಿಲ್ಲ.” ಕುರ್ಚಿಯ ಅಂಚಿಗೆ ಕೂತು, ತಲೆ ಎತ್ತದೆ ಎಲ್ಲವನ್ನೂ ಹೇಳಿದ. ಭಾರ ನೋಡಿ ಆರಿಸಿದ್ದನ್ನೂ ಬಿಡಲಿಲ್ಲ.

“ಕುಂಬಳಕಾಯಿ ಆರಿಸಿದ ಹಾಗೆ!” ಎಂದು ಮಗಳು ನಕ್ಕೇಬಿಟ್ಟಳು. ತಂಗಿ ನಗಲಿಲ್ಲ.

“ನನಗೆ ಗೊತ್ತಿತ್ತು ಅಣ್ಣಾ. ಹೋದ ವರ್ಷ ಕಿಟಕಿ ಹೊರಗೆ ಹಕ್ಕಿ ಅಷ್ಟು ಕೂಗ್ತಿದ್ದರೂ ಮನೆ ಎಷ್ಟು ನಿಶ್ಶಬ್ದ ಅಂದೆಯಲ್ಲ, ಅವತ್ತೇ.”

ಬೈದಿದ್ದರೆ ಹಗುರವಾಗುತ್ತಿತ್ತು. ಒಂದು ವರ್ಷ ಅವಳೇ ತನ್ನ ಮಾನ ಕಾಯ್ದಿದ್ದಾಳೆ. ತಾನೋ ಅಂಗಡಿಯವಳ ಎದುರೇ ಅವಳ ಬಾಯಿ ಮುಚ್ಚಿಸಿದ್ದ. ಮುಖ ಎಲ್ಲಿಟ್ಟುಕೊಳ್ಳುವುದೆಂದು ತಿಳಿಯದೆ ಅವನು ಬಗ್ಗಿ ಮೇಜಿನ ಹಿಂದಿನ ವೈರುಗಳನ್ನು ಹಿಡಿದ.

“ನಾನು ಒಂದೊಂದೇ ಕೀಳ್ತೀನಿ. ನಿಂತ ಕೂಡಲೇ ಹೇಳು.”

“ಇದೆ... ಇದೆ... ಇನ್ನೂ ಇದೆ... ಹಾಂ, ನಿಂತಿತು!”

ಅವನ ಕೈಯಲ್ಲಿದ್ದದ್ದು ಮೇಜಿನ ದೀಪದ ಪುಟ್ಟ ಪ್ಲಗ್ಗು. ಜಾಗ ಉಳಿಯಲಿ ಎಂದು ಅವನೇ ಅದನ್ನು ಪೆಟ್ಟಿಗೆಯ ಜೊತೆ ಒಂದೇ ಬೋರ್ಡಿಗೆ ಸಿಕ್ಕಿಸಿದ್ದ. ಕೂಗು ಆ ಪ್ಲಗ್ಗಿನಿಂದ ಕರೆಂಟಿನ ದಾರಿಯಲ್ಲಿ ಸ್ಪೀಕರಿಗೆ ಬರುತ್ತಿದ್ದದ್ದು, ಪೆಟ್ಟಿಗೆಯದೇನೂ ತಪ್ಪಿರಲಿಲ್ಲ. ಹಳೆಯ ಕಿವಿಯಿದ್ದಿದ್ದರೆ ಒಂದು ನಿಮಿಷದ ಕೆಲಸ.

ದೀಪದ್ದೊಂದು ಬಿಟ್ಟು ಉಳಿದ ವೈರುಗಳನ್ನು ಅವನು ಮತ್ತೆ ಸಿಕ್ಕಿಸಿದ ಮೇಲೆ ತಂಗಿ ತನಗಿಷ್ಟದ ಹಾಡು ಹಾಕಿಸಿ ಕಣ್ಣು ಮುಚ್ಚಿದಳು. ಚೆನ್ನಾಗಿದೆಯೇ ಎಂದು ಕೇಳಲು ಅವನಿಗೆ ಧೈರ್ಯವಾಗಲಿಲ್ಲ. ಹಾಡು ಮುಗಿದ ಮೇಲೆ ಅವಳೇ ಹೇಳಿದಳು: “ಮೊದಲನೇದೇ ಇನ್ನೂ ಹಿತವಾಗಿತ್ತು ಅಣ್ಣಾ. ಆದರೆ ಇದೂ ಪರವಾಗಿಲ್ಲ.”

“ಸರಿ” ಎಂದ ಅವನು. ಎದ್ದು ಅಡುಗೆಮನೆಗೆ ಹೋಗಿ, ಅವಳು ಅರ್ಧಕ್ಕೆ ಬಿಟ್ಟಿದ್ದ ಬೀನ್ಸಿನ ಮುಂದೆ ಕೂತು, ನಾರು ಎಳೆದು ಮುರಿಯತೊಡಗಿದ.