ಅತ್ತೆ ಕೈಗೆ ಬಂದ ಐದನೇ ಗೇರು

ಬೀದಿಯವರೆಲ್ಲ ಮಾವ ಎಂದೇ ಕರೆಯುತ್ತಿದ್ದ ಹಾಸಿಗೆಯಂಗಡಿಯವನಿಗೆ ಅಪ್ಪನ ಕಾಲದ ಪಿಕಪ್ ಗಾಡಿಯೆಂದರೆ ಪಂಚಪ್ರಾಣ. ಗಾಡಿಗೋ, ಪೆಟ್ರೋಲೇ ಪಂಚಪ್ರಾಣ. ಇದ್ದದ್ದು ನಾಲ್ಕೇ ಗೇರು. ಹೆದ್ದಾರಿಗೆ ಬಂದರೆ ಇಂಜಿನ್ ಗಂಟಲು ಹರಿಯುವಂತೆ ಅರಚುತ್ತಿತ್ತು; ಪಕ್ಕದಲ್ಲಿ ಕೂತ ಹೆಂಡತಿ, ಅಂದರೆ ಬೀದಿಯವರ ಅತ್ತೆ, ಏನೇ ಅಂದರೂ ಮಾವ ಸುಮ್ಮನೆ ತಲೆಯಾಡಿಸುತ್ತಿದ್ದ.

ಕೊನೆಗೊಮ್ಮೆ ಗುಜರಿಯಿಂದ ಐದು ಗೇರಿನ ಗೇರ್ ಬಾಕ್ಸ್ ತಂದ. ಗೆಳೆಯ ಮೆಕ್ಯಾನಿಕ್ ಜೊತೆ ಗಾಡಿಯಡಿ ಮಲಗಿ, ಹೊಸ ಬಾಕ್ಸಿಗೆ ಉದ್ದ ಹೆಚ್ಚಾದ, ಹಿಂದಿನ ಚಕ್ರ ತಿರುಗಿಸುವ ಶಾಫ್ಟನ್ನು ಕತ್ತರಿಸಿ ಬೆಸೆದು, ಮೈಯೆಲ್ಲ ಮಸಿ ಮಾಡಿಕೊಂಡು ಅದನ್ನು ಕೂರಿಸಿದ.

ಮೊದಲ ಸವಾರಿಗೆ ಅತ್ತೆಯೂ ಹತ್ತಿದಳು. ಐದನೇ ಗೇರು ಬೀಳುತ್ತಲೇ ಇಂಜಿನ್ನಿನ ಅರಚಾಟ ಇಳಿದು ಗುನುಗಾಯಿತು.

"ಕೇಳಿದ್ಯಾ? ಅದೇ ವೇಗ, ಇಂಜಿನ್ ಮಾತ್ರ ನಿಧಾನ. ಇನ್ಮೇಲೆ ಪೆಟ್ರೋಲ್ ಕಡಿಮೆ ಸಾಕು," ಎಂದು ಮಾವ ಬೀಗಿದ.

"ಅಂತೂ ನಿಮಗೂ ನನ್ನ ಮಾತು ಕೇಳ್ಸತ್ತೆ ಅಂತಾಯ್ತು. ಗಾಡಿ ನಿಲ್ಸಿ, ನಾನು ಓಡಿಸ್ತೀನಿ."

"ನೀನಾ? ಇದೇನು ಹೊಸದು?"

"ಹೊಸದೇನಲ್ಲ. ಲೈಸೆನ್ಸ್ ಬಂದಾಗಿಂದ ಇದೇ ಸೀಟಲ್ಲಿ ಕೂತು ಕೇಳ್ತಾನೇ ಇದೀನಿ. ಪ್ರತಿ ಸಲ ತಲೆ ಆಡಿಸ್ತೀರಿ, ಗಾಡಿ ಮಾತ್ರ ನಿಲ್ಸಲ್ಲ!"

ಮಾವ ತಬ್ಬಿಬ್ಬಾದ. ಲೈಸೆನ್ಸಿನ ಸುದ್ದಿಗೂ ಹೀಗೇ ತಲೆಯಾಡಿಸಿದ್ದನೋ ಏನೋ! ತೆಪ್ಪಗೆ ಮರದ ನೆರಳಲ್ಲಿ ಗಾಡಿ ನಿಲ್ಲಿಸಿ ಸೀಟು ಬಿಟ್ಟುಕೊಟ್ಟ.

ಆಕ್ಸಿಲರೇಟರ್ ಮೇಲೆ ಅತ್ತೆಯ ಕಾಲು ಬಲು ಹಗುರ. ಅಂದಿನಿಂದ ಹೆದ್ದಾರಿಯಲ್ಲೆಲ್ಲ ಅವಳದೇ ಕಾರುಬಾರು, ಪೆಟ್ರೋಲಿನ ಮುಳ್ಳು ಇಳಿಯುವುದಂತೂ ಇನ್ನೂ ನಿಧಾನವಾಯಿತು. ಯಾರಾದರೂ ಕೇಳಿದರೆ ಮಾವ ಮಾತ್ರ, "ಎಲ್ಲಾ ಗೇರ್ ಬಾಕ್ಸ್ ಮಹಿಮೆ," ಎನ್ನುತ್ತಿದ್ದ.