ಹುಳ ಸತ್ತದ್ದು ನಿನ್ನಿಂದಲ್ಲ, ಮಂಜುಳಾ

ರೇಷ್ಮೆ ಹುಳ ಕೊಂದವಳು ನಾನು. ನೀನಲ್ಲ. ನಿನ್ನ ಮುಟ್ಟಲ್ಲ, ನಿನ್ನ ಕೈಗುಣವಲ್ಲ, ನಿನ್ನ ಜಾತಕವೂ ಅಲ್ಲ — ಮರಕ್ಕೆ ಹೊಡೆಯುವ ಔಷಧಿ, ಅದನ್ನು ಹಿಡಿದ ನನ್ನ ಈ ಎರಡು ಕೈ. ಇಷ್ಟು ಹೇಳುವುದಕ್ಕೆ ನನಗೆ ಇಷ್ಟು ವರ್ಷ ಬೇಕಾಯಿತು ಮಂಜುಳಾ. ಒಂದೇ ಸೂರಿನಡಿ ನಾನು ಹಿರಿಸೊಸೆ, ನೀನು ಕಿರಿಸೊಸೆ. ದಿನಾ ನಿನ್ನ ಪಕ್ಕದಲ್ಲೇ ಕೂತು ಉಂಡಿದ್ದೇನೆ. ಹೇಗೆ ಉಂಡೆನೋ.

ನನ್ನ ತವರೂರು ವಿಮಾನ ನಿಲ್ದಾಣದ ಜಾಗಕ್ಕೆ ಹೋದ ವರ್ಷ ನಿನಗೆ ನೆನಪಿದೆ. ಮನೆ ಕೆಡವುವ ಮುಂಚೆ ನಮ್ಮಣ್ಣ ಹಲಸಿನ ಮರದ ಬಾಗಿಲವಾಡವನ್ನು ಸೌದೆಗೆ ಹಾಕುತ್ತೇನೆ ಎಂದ. ನಾನು ಜಗಳವಾಡಿ ಟ್ರ್ಯಾಕ್ಟರಿನಲ್ಲಿ ಹೇರಿಸಿಕೊಂಡು ಬಂದೆ. ಇಳಿಸುವಾಗ ಒಂದು ಕಡೆ ಹಿಡಿದವಳು ನೀನೇ. ಇಡಲು ಬೇರೆ ಜಾಗವಿಲ್ಲದೆ ಹುಳದ ಮನೆಯ ಪಕ್ಕದಲ್ಲಿ, ಹಿಪ್ಪುನೇರಳೆ ಸೊಪ್ಪು ಗುಡ್ಡೆ ಹಾಕುವ ಕೋಣೆಯಲ್ಲಿ ಗೋಡೆಗೆ ಒರಗಿಸಿದೆವು. ನಮ್ಮವ್ವ ಪ್ರತಿ ಶುಕ್ರವಾರ ಅರಿಶಿನ ಬಳಿಯುತ್ತಿದ್ದ ಹೊಸಿಲು ಅದರಲ್ಲೇ ಇತ್ತು. ತವರು ಅಂತ ನನಗೆ ಉಳಿದದ್ದು ಅಷ್ಟೇ.

ಅದಕ್ಕೂ ಕೇಡು ಬಂತು ನೋಡು. ಬುಡಕ್ಕೆ ಗೆದ್ದಲು ಹತ್ತಿ ಮಣ್ಣು ಕಟ್ಟಿತ್ತು, ಮೇಲೆಲ್ಲ ಕುಟ್ಟೆ ಹಿಡಿದಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಸಣ್ಣ ಸಣ್ಣ ತೂತುಗಳಿಂದ ರಾಗಿ ಹಿಟ್ಟಿನಂಥ ಪುಡಿ ಉದುರಿ ಗುಪ್ಪೆಯಾಗಿರುತ್ತಿತ್ತು. ಗುಡಿಸಿದರೆ ಮಾರನೆಯ ದಿನ ಮತ್ತೆ. ನಿಮ್ಮ ಭಾವ ಕಡಾಖಂಡಿತವಾಗಿ ಹೇಳಿದ್ದರು, ಹುಳ ಗೂಡು ಕಟ್ಟಿ ಗೂಡು ಮಾರ್ಕೆಟ್ಟಿಗೆ ಹೋಗುವವರೆಗೂ ಆ ಮರಕ್ಕೆ ಏನೂ ಹಚ್ಚಕೂಡದು ಎಂದು. ಇಲ್ಲೇ ವಿಜಯಪುರದ ಪೇಟೆಯಲ್ಲಿ ಔಷಧಿ ಕೊಟ್ಟ ಅಂಗಡಿಯವನೂ ಹೇಳಿದ — ಹುಳ ಇರುವ ಮನೆಯಲ್ಲಿ ಮುಚ್ಚಳ ಕೂಡ ತೆಗೆಯಬೇಡಿ ಎಂದು. ಹೂಂ ಎಂದೆ. ಹೂಂ ಎಂದು ಸೆರಗಿನಲ್ಲಿ ಮುಚ್ಚಿಕೊಂಡು ತಂದೆ.

ಹುಳ ನಾಲ್ಕನೇ ಜ್ವರ ಮುಗಿಸಿ, ಕೊನೆಯ ಸಲ ಪೊರೆ ಕಳಚಿ ಎದ್ದು ಸೊಪ್ಪನ್ನು ಮಳೆ ಸುರಿದಂತೆ ಸದ್ದು ಮಾಡಿಕೊಂಡು ತಿನ್ನುತ್ತಿದ್ದ ದಿನಗಳು. ಇನ್ನೊಂದು ವಾರಕ್ಕೆ ಗೂಡು. ಒಂದು ವಾರ, ಮಂಜುಳಾ! ತಡೆದುಕೊಳ್ಳಬಹುದಿತ್ತು. ನಿನ್ನನ್ನು ಬಿಟ್ಟು ಎಲ್ಲರೂ ತೋಟಕ್ಕೆ ಹೋಗಿದ್ದಾಗ ಆ ಕೋಣೆಯ ಬಾಗಿಲು ಹಾಕಿಕೊಂಡು, ದನಕ್ಕೆ ಚುಚ್ಚುವ ಹಳೆಯ ಸಿರಿಂಜಿನಿಂದ ಒಂದೊಂದು ತೂತಿಗೂ ಔಷಧಿ ಬಿಟ್ಟೆ. ನೆಲಕ್ಕೆ ತೊಟ್ಟಿಕ್ಕಬಾರದೆಂದು, ಸೊಪ್ಪಿನ ಗುಡ್ಡೆಗೆ ಹೊದಿಸುವ ಒದ್ದೆ ಗೋಣಿಚೀಲವನ್ನೇ ತೆಗೆದು ಕೆಳಗೆ ಹಾಸಿದ್ದೆ. ಇನ್ನೂ ಮುಗಿದಿರಲಿಲ್ಲ — ಹೊರಗೆ ನಿಮ್ಮ ಭಾವನ ಮೊಪೆಡ್ಡಿನ ಸದ್ದು ಕೇಳಿತು. ಬಾಟಲಿಯನ್ನು ಬಚ್ಚಿಟ್ಟು, ಆ ಚೀಲವನ್ನು ಮತ್ತೆ ಸೊಪ್ಪಿನ ಮೇಲೆ ಎಳೆದೆ.

ಯೋಚಿಸಲಿಲ್ಲ ಎನ್ನಲೇ? ಸುಳ್ಳಾಗುತ್ತದೆ. ಸೊಪ್ಪಿಗೆ ಹತ್ತುತ್ತದೆ ಎಂದು ಹೊಳೆಯಿತು. ಒಂಚೂರು ತಾನೇ, ಏನೂ ಆಗುವುದಿಲ್ಲ, ಎಂದುಕೊಂಡೆ. ಬೈಗುಳ ತಪ್ಪಿದರೆ ಸಾಕಾಗಿತ್ತು ನನಗೆ.

ಮೈಯೆಲ್ಲ ವಾಸನೆ. ಸ್ನಾನಕ್ಕೆ ಓಡಬೇಕು, ಸೊಪ್ಪು ಹಾಕುವ ಹೊತ್ತೂ ಆಗಿತ್ತು. ನೀನು ಹಿತ್ತಲಿನಲ್ಲಿದ್ದೆ. ಮುಟ್ಟಾಗಿ ಎರಡನೇ ದಿನ; ಮನೆಯಲ್ಲಿ ಕೈ ಸಾಲದ ಕಾಲವೆಂದು ಅತ್ತೆಗೂ ಹೇಳದೆ ನನ್ನೊಬ್ಬಳಿಗೇ ಹೇಳಿ, ನಿನ್ನ ಪಾಡಿಗೆ ನೀನು ಹುಳದ ಮನೆಯಿಂದ ದೂರ ಇದ್ದೆ. ಹೋಗಿ ಸೊಪ್ಪು ಹಾಕು ಎಂದೆ. ನೀನು ಅನುಮಾನಿಸಿದೆ.

"ಅಕ್ಕ, ನಾನು ಹೊರಗಿದ್ದೀನಲ್ಲ."

"ಯಾರಿಗ್ ಗೊತ್ತಾಗುತ್ತೆ, ಹೋಗೇ."

ನನ್ನ ಮಾತಿಗೆ ನೀನು ಹೋದೆ. ಆ ಸೊಪ್ಪನ್ನು ನಿನ್ನ ಕೈಯಿಂದ ಹಾಕಿಸಿದೆ.

ಸಂಜೆ ಹೊತ್ತಿಗೆ ತಟ್ಟೆಗಳಲ್ಲಿ ಹುಳ ತಲೆ ಎತ್ತಿ ಎತ್ತಿ ಒದ್ದಾಡುತ್ತಿದ್ದವು. ಹಸಿರು ನೀರು ಕಕ್ಕುತ್ತಿದ್ದವು. ಮಾರನೆಯ ಬೆಳಿಗ್ಗೆ ಹುಳದ ಮನೆಯಲ್ಲಿ ಸದ್ದೇ ಇರಲಿಲ್ಲ. ಅತ್ತೆ ತಟ್ಟೆಗಳ ಮುಂದೆ ಕೂತು ಎದೆ ಬಡಿದುಕೊಂಡರು. ಕಂಕುಳಲ್ಲಿಟ್ಟು ಸಾಕಿದಂತೆ ಸಾಕಿದ್ದರಲ್ಲ. ಅಕ್ಕಪಕ್ಕದವರು ಅಂಗಳದಲ್ಲಿ ಸೇರಿದರು. ಪಕ್ಕದ ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆದಿರಬೇಕು ಎಂದು ಯಾರೋ ಅಂದರು, ಹೊಡೆದಿರಲಿಲ್ಲ. ಔಷಧಿ ಎಂಬ ಮಾತು ಬಂದ ಕೂಡಲೇ ನಾನು ಕೈಗಳನ್ನು ಸೆರಗಿನಡಿ ಬಚ್ಚಿಟ್ಟುಕೊಂಡೆ. ಅಷ್ಟರಲ್ಲಿ ಅತ್ತೆ ಒಳಗೆ ಯಾರ್ಯಾರು ಹೋಗಿದ್ದಿರಿ ಎಂದು ಕೇಳಿದರು. ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ. ಸುಮ್ಮನಿದ್ದಿದ್ದರೂ ಆಗುತ್ತಿತ್ತು. ನಾನೇ ಬಾಯಿ ತೆಗೆದೆ.

"ಮಂಜುಳ ಹೊರಗಾಗವ್ಳೆ ಅತ್ತೆ. ನೆನ್ನೆ ಒಳೀಕ್ ಹೋಗಿದ್ಲು."

ಇಷ್ಟೇ. ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತಂತೆ — ಆ ಕೋತಿಯಾದರೂ ಮೇಕೆಯನ್ನು ತಂಗಿ ಎಂದು ಕರೆದಿರಲಿಲ್ಲ.

ಆಮೇಲಿನದು ನಿನಗೇ ಗೊತ್ತು. ಅಷ್ಟು ಜನರ ಎದುರು ಮೈದುನ ನಿನ್ನ ಮೇಲೆ ಕೈ ಮಾಡಿದ. ಅತ್ತೆ, ಇವಳು ಕಾಲಿಟ್ಟ ಕಡೆ ಹಸಿರು ನಿಲ್ಲುವುದಿಲ್ಲ ಎಂದರು. ನೀನು ಈಗ ಹೇಳುತ್ತೀಯ, ಈಗ ನನ್ನ ಹೆಸರು ಹೇಳುತ್ತೀಯ ಎಂದು ನಾನು ಕಂಬ ಹಿಡಿದುಕೊಂಡು ಕಾಯುತ್ತಿದ್ದೆ. ನೀನು ಹೇಳಲಿಲ್ಲ. ಆಮೇಲೆ ಕೊಟ್ಟಿಗೆಯ ಮೂಲೆಯಲ್ಲಿ ಕೂತಿದ್ದವಳಿಗೆ ನಾನು ಮುದ್ದೆ ತಂದಿಟ್ಟಾಗ ತಲೆ ಎತ್ತದೆ ಅಂದೆಯಲ್ಲ —

"ನಿನ್ ಹೆಸ್ರು ಹೇಳಿಲ್ಲಕ್ಕ. ನೀನು ಹೇಳಿದ್ರೂ ನಾನು ಹೋಗ್ಬಾರ್ದಾಗಿತ್ತು. ತಪ್ಪು ನಂದೇ."

ಆಗಲೇ ನಿನ್ನ ಕಾಲು ಹಿಡಿಯಬೇಕಿತ್ತು. ಹಿಡಿಯಲಿಲ್ಲ. ಮನೆಯಿಂದ ಆಚೆ ಹಾಕಿದರೆ ಹೋಗಲು ನನಗೆ ಊರೇ ಇಲ್ಲ, ನಮ್ಮವ್ವನ ಅಡುಗೆಮನೆಯ ಮೇಲೆ ವಿಮಾನ ಇಳಿಸಲು ರಸ್ತೆ ಮಾಡುತ್ತಿದ್ದಾರೆ — ಹೀಗೆ ನನಗೆ ನಾನೇ ಹೇಳಿಕೊಂಡೆ. ನಿನಗೆ ತವರಿತ್ತಲ್ಲ, ನೀನು ತಡೆದುಕೊಳ್ಳುತ್ತೀಯ ಎಂದೂ ಹೇಳಿಕೊಂಡೆ. ಥೂ. ನಿನ್ನನ್ನು ಎಲ್ಲಿಗೆ ಕಳಿಸಬಹುದು ಎಂದು ನಾನು ಲೆಕ್ಕ ಹಾಕುತ್ತಿದ್ದೆನಲ್ಲ.

ಬಾಗಿಲವಾಡ ಉಳಿಯಲಿಲ್ಲ. ಒಳಗೆಲ್ಲ ಟೊಳ್ಳಾಗಿತ್ತು, ಕೊನೆಗೆ ನೀರೊಲೆಗೆ ಹಾಕಿದೆ. ಅದು ಉಳಿದಿದ್ದರೂ ನಾನು ಯಾವ ಮುಖ ಇಟ್ಟುಕೊಂಡು ಅದಕ್ಕೆ ಅರಿಶಿನ ಬಳಿಯಬೇಕಿತ್ತು?

ಊರು ಮರೆಯಿತು. ಅತ್ತೆ ತೀರಿಕೊಂಡರು. ನೀನು ಮರೆಯಲಿಲ್ಲ, ನೀನು ನಂಬಿಬಿಟ್ಟೆ — ಇದನ್ನೇ ನನ್ನಿಂದ ತಡೆಯಲಾಗದು. ಆವತ್ತಿನಿಂದ ಹುಳದ ಮನೆಯ ಬಾಗಿಲ ತನಕ ಸೊಪ್ಪು ತಂದಿಟ್ಟು ಹಿಂದಕ್ಕೆ ಸರಿಯುತ್ತೀಯ. ಉಪ್ಪಿನಕಾಯಿ ಹಾಕುವಾಗ ಎದ್ದು ಹೋಗುತ್ತೀಯ. ಹಸು ಈಯುವಾಗ ಹಿತ್ತಲಿಗೆ ಬರುವುದಿಲ್ಲ. ನಿನ್ನ ಕೈಯಲ್ಲಿ ಏನೋ ಇದೆ ಎಂದು ನೀನೇ ಹೆದರುತ್ತೀಯ. ನಾನು ನೋಡಿಕೊಂಡು ಬಂದೆ; ಎಷ್ಟೋ ಸಲ ಬಾಯಿ ತನಕ ಬಂದದ್ದನ್ನು ನುಂಗಿದೆ.

ಹೋದ ತಿಂಗಳು ನಿನ್ನ ಮಗಳು ದೊಡ್ಡವಳಾದಳು. ಆರತಿ ಮಾಡಿ ಎಲ್ಲರೂ ಹೋದ ಮೇಲೆ ಆ ಮಗುವಿನ ಕೈ ಹಿಡಿದು ನೀನು ಹೇಳುತ್ತಿದ್ದದ್ದು ಬಾಗಿಲ ಹಿಂದಿದ್ದ ನನಗೆ ಕೇಳಿಸಿತು.

"ಯಾತುಕ್ಕೂ ಕೈ ಹಾಕ್ಬೇಡ ಕಣವ್ವ. ನನ್ ಕೈಯೇ ನಿಂಗೂ ಬಂದಿರುತ್ತೆ."

ಆ ಮಗು ತನ್ನ ಅಂಗೈ ತಿರುಗಿಸಿ ನೋಡಿಕೊಂಡಿತು. ಮಂಜುಳಾ, ನನಗೆ ಆಗ ಸಾಯಬೇಕು ಎನಿಸಿತು. ಸತ್ತರೆ ಇದನ್ನು ಹೇಳುವವರೇ ಇರುವುದಿಲ್ಲ, ಅದಕ್ಕೇ ಬದುಕಿದ್ದೇನೆ.

ನಿನ್ನೊಬ್ಬಳಿಗೆ ಗುಟ್ಟಾಗಿ ಹೇಳಿ ಕೈ ತೊಳೆದುಕೊಳ್ಳುವುದಿಲ್ಲ. ಆವತ್ತು ನಿನ್ನನ್ನು ಹೊಡೆದದ್ದು ಅಂಗಳದಲ್ಲಿ; ಅಂಗಳದಲ್ಲೇ ಹೇಳುತ್ತೇನೆ, ನಿಮ್ಮ ಭಾವನ ಮುಂದೆ, ಮೈದುನನ ಮುಂದೆ, ಉಳಿದಿರುವ ನೆರೆಯವರ ಮುಂದೆ, ನಿನ್ನ ಮಗಳನ್ನು ಎದುರಿಗೆ ಕೂರಿಸಿಕೊಂಡು. ಅವರು ಏನು ಮಾಡಿದರೂ ಮಾಡಲಿ. ಆಮೇಲೂ ನಿನ್ನ ಹೆದರಿಕೆ ಹೋಗುತ್ತದೋ ಇಲ್ಲವೋ, ನನಗೆ ಗೊತ್ತಿಲ್ಲ.

ನನಗೆ ಭಯ ಅವರದ್ದಲ್ಲ. ನಿನ್ನದು. ನೀನು ಕಣ್ಣೊರೆಸಿಕೊಂಡು "ಹೋಗ್ಲಿ ಬಿಡಕ್ಕ" ಎಂದುಬಿಡುತ್ತೀಯ. ನಿನ್ನ ಗುಣ ನನಗೆ ಗೊತ್ತು. ನಿನ್ನ ದಮ್ಮಯ್ಯ, ಆ ಮಾತು ಮಾತ್ರ ಅನ್ನಬೇಡ.